ಕೊಡುವ ಲೆಕ್ಕ, ದುಡಿಯುವ ಲೆಕ್ಕ

ಸತ್ಯವೇದ ತಂದಿರೋರು ಲೂಕ 19ನೇ ಅಧ್ಯಾಯ ತೆಗೆದಿಡಿ. ಮೊಬೈಲ್‌ನಲ್ಲಿ ಓದೋರು ದಯವಿಟ್ಟು ವಾಟ್ಸಾಪ್ ಪಕ್ಕಕ್ಕಿಡಿ. ಜಕ್ಕಾಯನ ಹತ್ತಿರ ನಾವು ಕೊನೆಗೆ ಬರ್ತೀವಿ. ಅದಕ್ಕೆ ಮುಂಚೆ ಒಬ್ಬ ಮನುಷ್ಯನ ಜೀವಿತವನ್ನ ನಿಮ್ಮ ಮುಂದೆ ಇಡಬೇಕು.

ಹೋದ ಯುವಜನರ ಕೂಟದಲ್ಲಿ ಹೆಸರು ಬರೆಯದೆ ಪ್ರಶ್ನೆಗಳನ್ನ ಚೀಟಿಯಲ್ಲಿ ಹಾಕಿ ಅಂದಿದ್ವಿ. ಒಂದು ಚೀಟಿಯಲ್ಲಿ ಹೀಗಿತ್ತು: "ಬ್ರದರ್, ಒಳ್ಳೆ ಸಂಬಳ ಇದೆ. ದಶಮಾಂಶ ತಪ್ಪಿಸಿಲ್ಲ. ಆದ್ರೂ ಭಾನುವಾರ ದೇವರದ್ದು, ಉಳಿದ ದಿನ ಎಲ್ಲಾ ಕಂಪನಿಯದ್ದು ಅನ್ನಿಸುತ್ತೆ. ಕೆಲಸ ಬಿಟ್ಟು ಸೇವೆಗೆ ಬರಬೇಕಾ? ಇಲ್ಲಾ ಇನ್ನೂ ಜಾಸ್ತಿ ಕೊಟ್ರೆ ಸಾಕಾ?"

ಇದು ಒಬ್ಬರ ಪ್ರಶ್ನೆ ಅಂತ ನಾನು ಅಂದುಕೊಳ್ಳಲ್ಲ. ಇಲ್ಲಿ ಕೂತಿರೋ ಅರ್ಧ ಜನರ ಪ್ರಶ್ನೆ ಇದು. ನಾನೂ ವಾರಕ್ಕೆ ಐದು ದಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡೋನೇ. ಆದ್ದರಿಂದ ಇದಕ್ಕೆ ಪುಲ್ಪಿಟ್ ಮೇಲಿಂದ ಒಂದು ಸುಲಭದ ಉತ್ತರ ಕೊಟ್ಟು ಕಳಿಸೋಕೆ ನನಗೆ ಮನಸ್ಸಿಲ್ಲ.

ಆ ಮನುಷ್ಯರ ಹೆಸರು ರಾಬರ್ಟ್ ಗಿಲ್ಮೋರ್ ಲೆಟೂರ್ನೋ. 1888ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಹುಟ್ಟಿದವರು. ಓದು ತಲೆಗೆ ಹತ್ತಲಿಲ್ಲ. 14ನೇ ವಯಸ್ಸಿಗೆ ಶಾಲೆ ಬಿಟ್ಟು, ಆರೆಗಾನ್‌ನ ಪೋರ್ಟ್‌ಲ್ಯಾಂಡ್ ಊರಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗೆ ಸೇರಿದರು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ವೆಲ್ಡಿಂಗ್ ಕಲಿತರು, ಸ್ಟಾಕ್ಟನ್ ಅನ್ನೋ ಊರಲ್ಲಿ ಪಾಲುದಾರಿಕೆಯಲ್ಲಿ ಕಾರ್ ಗ್ಯಾರೇಜ್ ನಡೆಸಿದರು. 1917ರಲ್ಲಿ ಎವೆಲಿನ್ ಅನ್ನೋ ಸಹೋದರಿಯ ಜೊತೆ ಮದುವೆ ಆಯ್ತು. ಅವರ ಮೊದಲ ಮಗು ಕೆಲವೇ ತಿಂಗಳಲ್ಲಿ ತೀರಿಹೋಯ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಹಡಗುಕಟ್ಟೆಯಲ್ಲಿ ಕೆಲಸ ಮಾಡಿ ವಾಪಸ್ ಬಂದಾಗ ಗ್ಯಾರೇಜ್ ಸಾಲದಲ್ಲಿ ಮುಳುಗಿತ್ತು. ಆ ಸಾಲದ ತಮ್ಮ ಪಾಲು ತೀರಿಸೋದಕ್ಕೆ ಸಿಕ್ಕಿದ ಕೆಲಸ ಮಾಡ್ತಿದ್ದಾಗ, ಒಬ್ಬ ರೈತರ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಟ್ಟು, ಅದೇ ಟ್ರ್ಯಾಕ್ಟರ್‌ನಲ್ಲಿ ಅವರ ಹೊಲ ಸಮ ಮಾಡೋ ಕೆಲಸ ಬಂತು. ಅಲ್ಲಿ ಲೆಟೂರ್ನೋ ಅವರಿಗೆ ತಮ್ಮ ಜೀವನದ ಕೆಲಸ ಸಿಕ್ತು. ಮಣ್ಣು ತೆಗೆಯೋದು, ಮಣ್ಣು ಹೊರೋದು, ಮಣ್ಣು ಹರಡೋದು.

ಇವತ್ತು ರಿಂಗ್ ರೋಡ್‌ನಲ್ಲಿ ಮೆಟ್ರೋ ಕೆಲಸಕ್ಕೆ ನಿಂತಿರೋ ಯಾವ ಹಳದಿ ಗಾಡಿ ಕಂಡ್ರೂ ನಾವು ಜೆಸಿಬಿ ಅಂತೀವಿ. ಆ ಕಾಲದಲ್ಲಿ ಅದೇನೂ ಇರಲಿಲ್ಲ. ರಸ್ತೆ ಅಂದ್ರೆ ಹೇಸರಗತ್ತೆಗಳು, ಗುದ್ದಲಿ, ಸಲಿಕೆ, ಮನುಷ್ಯರ ಬೆನ್ನು. ಲೆಟೂರ್ನೋ ಮಾಡಿದ ಸ್ಕ್ರೇಪರ್ ಅಂದ್ರೆ ಚಕ್ರದ ಮೇಲೆ ಕೂತಿರೋ ಒಂದು ದೊಡ್ಡ ಕಬ್ಬಿಣದ ತೊಟ್ಟಿ. ಅದರ ತಳದಲ್ಲಿ ಹರಿತವಾದ ಅಲಗು. ಮುಂದೆ ಎಳೀತಾ ಹೋದ್ರೆ ನೆಲ ಕೆರೆದು ಮಣ್ಣು ತಾನೇ ತುಂಬಿಕೊಳ್ಳುತ್ತೆ, ಬೇಕಾದ ಕಡೆ ಹೋಗಿ ತೆಳ್ಳಗೆ ಹರಡುತ್ತೆ. ಬೇರೆಯವರು ಕಬ್ಬಿಣದ ತಗಡುಗಳನ್ನ ರಿವೆಟ್ ಹೊಡೆದು ಕೂಡಿಸ್ತಿದ್ದಾಗ ಅವರು ಇಡೀ ಯಂತ್ರವನ್ನ ವೆಲ್ಡ್ ಮಾಡಿದರು. ಕಬ್ಬಿಣದ ಚಕ್ರದ ಜಾಗಕ್ಕೆ ರಬ್ಬರ್ ಟೈರ್ ತಂದರು. ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯೋ ಅಗತ್ಯ ಇಲ್ಲದೆ ತಾನೇ ಓಡೋ 'ಟೂರ್ನಾಪುಲ್' 1938ರಲ್ಲಿ ಬಂತು. ಕೊನೆಗೆ ಪ್ರತಿ ಚಕ್ರದ ಒಳಗೇ ಒಂದು ವಿದ್ಯುತ್ ಮೋಟಾರ್ ಇಟ್ಟರು. ಹೆಚ್ಚುಕಡಿಮೆ 300 ಪೇಟೆಂಟ್ ಅವರ ಹೆಸರಲ್ಲಿವೆ. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಮನುಷ್ಯ!

ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಬಳಸಿದ ಮಣ್ಣಿನ ಕೆಲಸದ ಯಂತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವರ ಕಾರ್ಖಾನೆಗಳದ್ದು. ಅಲಾಸ್ಕಾಗೆ ಹೋಗುವ ಹೆದ್ದಾರಿಯಲ್ಲೂ ಇವರ ಯಂತ್ರಗಳು ದುಡಿದವು. 1953ರಲ್ಲಿ ಆ ವ್ಯಾಪಾರವನ್ನ ವೆಸ್ಟಿಂಗ್‌ಹೌಸ್ ಏರ್ ಬ್ರೇಕ್ ಕಂಪನಿಗೆ ಮಾರಿದರು. ಅವರಿಗೆ 65 ಹತ್ತಿರ ಬಂದಿತ್ತು, ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯೋದಕ್ಕೆ, ಕಾಲುಗಳನ್ನ ಇಳಿಸಿ ನಿಲ್ಲೋ, ಎತ್ತಿಕೊಂಡು ಬೇರೆ ಕಡೆ ಹೋಗೋ ಒಂದು ಕಟ್ಟೆ ಕಟ್ಟಿದರು. ಅದರ ಹೆಸರು 'ಸ್ಕಾರ್ಪಿಯನ್'. ತಗೊಂಡಿದ್ದು ಆಮೇಲೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಬುಷ್ ಸೀನಿಯರ್ ಅವರ ಕಂಪನಿ.

ನಮ್ಮ ಸಭೆಗಳಲ್ಲಿ ಇವರ ಹೆಸರು ಕೇಳಿರೋದು ಇದ್ಯಾವುದಕ್ಕೂ ಅಲ್ಲ. ಒಂದೇ ಒಂದು ಅಂಕಿಗೆ. 90. ಬಂದದ್ದರಲ್ಲಿ ನೂರಕ್ಕೆ 90 ಭಾಗ ಕರ್ತನ ಕೆಲಸಕ್ಕೆ ಕೊಟ್ಟು 10 ಭಾಗದಲ್ಲಿ ಬದುಕಿದ ಮನುಷ್ಯ. 1935ರಲ್ಲಿ ದಂಪತಿ ಒಂದು ಫೌಂಡೇಶನ್ ಮಾಡಿ ಕಂಪನಿಯಲ್ಲಿ ತಮ್ಮ ಪಾಲಿನ ದೊಡ್ಡ ಭಾಗವನ್ನ ಅದಕ್ಕೆ ಬರೆದುಕೊಟ್ಟರು. ನಮ್ಮ ದಶಮಾಂಶವನ್ನ ತಲೆಕೆಳಗು ಮಾಡಿದ ಹಾಗೆ. ಕೇಳಿದ ತಕ್ಷಣ "ಹಲ್ಲೆಲೂಯಾ" ಅಂತೀವಿ. ಅನ್ನಬೇಕು ಕೂಡ. ಆದರೆ ಈ ಜೀವಿತ ನಮ್ಮ ಮುಂದೆ ಮೂರು ಮಾತು ಇಡುತ್ತೆ, ಮೂರನೆಯದು ಸ್ವಲ್ಪ ಕಷ್ಟದ ಮಾತು.

ಮೊದಲನೆಯದು: ನಿಮ್ಮ ಕೆಲಸ ಎರಡನೇ ದರ್ಜೆಯ ಕರೆಯಲ್ಲ.

ಲೆಟೂರ್ನೋ ಅವರಿಗೂ ಚೀಟಿಯಲ್ಲಿದ್ದ ಪ್ರಶ್ನೆಯೇ ಇತ್ತು. ಅವರ ಸಹೋದರಿ ಚೀನಾಗೆ ಮಿಷನರಿಯಾಗಿ ಹೋಗಿದ್ದರು. ಆಕೆ ಊರಿಗೆ ಬಂದಾಗ, ನೀನು ದೇವರಿಗಾಗಿ ಏನು ಮಾಡ್ತಿದೀಯ ಅಂತ ಕೇಳೇ ಕೇಳ್ತಿದ್ದರು. ಅದು ಅವರನ್ನ ಚುಚ್ತಿತ್ತು. ಕೊನೆಗೆ ಪಾಸ್ಟರ್ ಹತ್ತಿರ ಹೋಗಿ, ನಾನು ಸುವಾರ್ತಿಕನೋ ಮಿಷನರಿಯೋ ಆಗಬೇಕಾ ಅಂತ ಕೇಳಿದರು. ಇಬ್ಬರೂ ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ಎದ್ದ ಮೇಲೆ ಪಾಸ್ಟರ್ ಹೇಳಿದ ಮಾತಿನ ಸಾರ ಇಷ್ಟೇ: ದೇವರಿಗೆ ವ್ಯಾಪಾರ ಮಾಡೋರೂ ಬೇಕು. ಇಡೀ ಜೀವನ ಅವರು ಅದನ್ನ ಹಿಡಿದುಕೊಂಡರು. ವಿಮಾನದಲ್ಲಿ ಊರೂರು ತಿರುಗಿ ಸಾಕ್ಷಿ ಹೇಳಿದರು, ಆದರೆ ಹೇಳೋವಾಗಲೆಲ್ಲ ಒಬ್ಬ ಮೆಕ್ಯಾನಿಕ್ ಆಗಿಯೇ ಹೇಳಿದರು.

ಪ್ರಿಯರೇ, ಆ ಪಾಸ್ಟರ್ ಹೊಸದೇನೂ ಹೇಳಲಿಲ್ಲ. ವಿಮೋಚನಕಾಂಡ 31 ಓದಿ. ದೇವರು ಹೆಸರು ಹಿಡಿದು ಕರೆದು, ತನ್ನ ಆತ್ಮದಿಂದ ತುಂಬಿಸಿದೆ ಅಂತ ಹೇಳೋ ಮನುಷ್ಯ ಯಾರು? ಬೆಚಲೇಲ. ಅವನು ಯಾಜಕನಲ್ಲ, ಪ್ರವಾದಿಯಲ್ಲ. ಚಿನ್ನ, ಬೆಳ್ಳಿ, ತಾಮ್ರ, ಮರ, ಕಲ್ಲು ಇವುಗಳಲ್ಲಿ ಕೆಲಸ ಮಾಡೋ ಕೈಕಸುಬಿನವನು. ನಾವು ಪೆಂತೆಕೊಸ್ತಿನವರು ಆತ್ಮಾಭಿಷೇಕದ ಬಗ್ಗೆ ಇಷ್ಟೊಂದು ಮಾತಾಡ್ತೀವಿ. ಆತ್ಮಭರಿತನಾದವನ ಕೈಯಲ್ಲಿ ಮೈಕ್ ಮಾತ್ರ ಇರುತ್ತೆ ಅಂತ ನಮಗೆ ಯಾರು ಹೇಳಿಕೊಟ್ಟರು? ಉಳಿ ಇರಬಹುದು. ವೆಲ್ಡಿಂಗ್ ರಾಡ್ ಇರಬಹುದು. ಲ್ಯಾಪ್‌ಟಾಪ್ ಇರಬಹುದು. ಐಸಿಯುನಲ್ಲಿ ನೈಟ್ ಡ್ಯೂಟಿ ಮಾಡೋ ನಮ್ಮ ಸಹೋದರಿಯರ ಕೈಯಲ್ಲಿ ಸಿರಿಂಜ್ ಇರಬಹುದು. ಕರ್ತನು ಕೆಲಸ ಬಿಟ್ಟು ಬಾ ಅಂತ ಕರೆದರೆ ತಡ ಮಾಡಬೇಡಿ, ಎದ್ದು ಬನ್ನಿ. ಆದರೆ ಮ್ಯಾನೇಜರ್ ಕಾಟ ತಡೆಯಕ್ಕಾಗದೆ ಬರೋದನ್ನ ಕರೆ ಅಂತ ಕರೀಬೇಡಿ. ಆಮೆನ್?

ಎರಡನೆಯದು: 90 ಅನ್ನೋದು ಫಾರ್ಮುಲಾ ಅಲ್ಲ.

ಇದನ್ನ ನಾನು ಹೇಳಲೇಬೇಕು, ಯಾಕಂದ್ರೆ ಇದೇ ಕಥೆಯನ್ನ ಕಾಣಿಕೆ ಎತ್ತೋ ಸಮಯದಲ್ಲಿ ಬೇರೆ ಥರ ಹೇಳೋದನ್ನ ಕೇಳಿದ್ದೀನಿ. "ಅವರು ಕೊಟ್ಟರು, ಅದಕ್ಕೇ ಕೋಟ್ಯಧಿಪತಿ ಆದರು. ನೀವೂ ಕೊಡಿ, ನೀವೂ ಆಗ್ತೀರಿ." ನಡೆದ ಸಂಗತಿ ಅಷ್ಟು ನೇರ ಇಲ್ಲ.

1930ರ ಆಸುಪಾಸಿನಲ್ಲಿ ಅವರು, ಈ ವರ್ಷ ದೇವರ ಪಾಲನ್ನೂ ವ್ಯಾಪಾರಕ್ಕೇ ಹಾಕ್ತೀನಿ, ಮುಂದಿನ ವರ್ಷ ಸೇರಿಸಿ ಹೆಚ್ಚು ಕೊಡ್ತೀನಿ ಅಂತ ಲೆಕ್ಕ ಹಾಕಿದರು. ಲೆಕ್ಕ ಕೈಕೊಟ್ಟಿತು. ನೆವಾಡಾದಲ್ಲಿ ಬೌಲ್ಡರ್ ಹೆದ್ದಾರಿಯ ಕಾಂಟ್ರಾಕ್ಟ್ ತಗೊಂಡರು. ಬಂಡೆ ಅಂದುಕೊಂಡದ್ದಕ್ಕಿಂತ ಗಟ್ಟಿ ಇತ್ತು, ಸುಮಾರು 1,00,000 ಡಾಲರ್ ಸಾಲ ಬಿತ್ತು. ಅಮೆರಿಕ ಇಡೀ ಆರ್ಥಿಕ ಕುಸಿತದಲ್ಲಿ ಒದ್ದಾಡ್ತಿದ್ದ ಸಮಯ. ಆ ಸ್ಥಿತಿಯಲ್ಲಿ ಅವರು ಸಭೆಯಲ್ಲಿ ಮಿಷನ್ ಕೆಲಸಕ್ಕೆ 5,000 ಡಾಲರ್ ಕೊಡ್ತೀನಿ ಅಂತ ಮಾತು ಕೊಟ್ಟರು. ಮುಂದಿನ ವರ್ಷಗಳಲ್ಲಿ ಕಂಪನಿ ಚೇತರಿಸಿಕೊಂಡಿತು.

ಇದು ದೇವರ ಕೈ ಅಂತ ಅವರು ನಂಬಿದರು. ನಾನೂ ನಂಬ್ತೀನಿ. ಅದೇ ಸಮಯದಲ್ಲಿ ಕಣ್ಣಿಗೆ ಕಾಣೋ ಕಾರಣಗಳೂ ಇದ್ದವು. 1930ರ ದಶಕದಲ್ಲಿ ಅಮೆರಿಕದ ಸರ್ಕಾರ ಅಣೆಕಟ್ಟು, ಹೆದ್ದಾರಿ ಅಂತ ಹಣ ಸುರಿಯಿತು. ಅವರ ಸ್ಕ್ರೇಪರ್‌ಗಳನ್ನ ಕ್ಯಾಟರ್‌ಪಿಲ್ಲರ್ ಡೀಲರ್‌ಗಳು ತಮ್ಮ ಟ್ರ್ಯಾಕ್ಟರ್‌ಗಳ ಜೊತೆ ಮಾರಿದರು. ಯಂತ್ರ ಚೆನ್ನಾಗಿತ್ತು, ಕಾಲವೂ ಸರಿಯಾಗಿತ್ತು. ಅದೇ ಕಾಲದಲ್ಲಿ ಅಷ್ಟೇ ನಂಬಿಕೆಯಿಂದ ಕೊಟ್ಟ ಎಷ್ಟೋ ರೈತರು ಹೊಲ ಕಳೆದುಕೊಂಡರು. ಅವರ ನಂಬಿಕೆ ಕಡಿಮೆ ಇತ್ತಾ? ಮಾರ್ಕ 12ರಲ್ಲಿ ವಿಧವೆ ಎರಡು ಕಾಸು ಹಾಕಿದಳು, ಯೇಸು ಆಕೆಯನ್ನ ಮೆಚ್ಚಿದನು. ಮರುದಿನ ಆಕೆಯ ಮನೆಗೆ ನಾಲ್ಕು ಕಾಸು ಬಂತು ಅಂತ ಸತ್ಯವೇದ ಎಲ್ಲೂ ಬರೆದಿಲ್ಲ. ಲೆಟೂರ್ನೋ ಅವರೂ ಇದನ್ನ ತಿಳಿದವರು. ಲಾಭಕ್ಕಾಗಿ ಕೊಡೋದು ಲಾಭ ತರೋದಿಲ್ಲ ಅನ್ನೋದು ಅವರದೇ ನಿಲುವು.

ಇನ್ನೊಂದು ಸೂಕ್ಷ್ಮ ಇದೆ. ಸಾಲದಲ್ಲಿರೋನು ಕಾಣಿಕೆಗೆ ಮಾತು ಕೊಡಬಹುದಾ? ಆ 5,000 ಡಾಲರ್ ಅವರದ್ದಾ, ಸಾಲ ಕೊಟ್ಟವರದ್ದಾ? ಆಗಲೂ ಲೆಕ್ಕ ನೋಡೋರು ಇದಕ್ಕೆ ಹುಬ್ಬೇರಿಸಿದ್ದರು. ಲೆಕ್ಕಪತ್ರ ನೋಡೋನಾಗಿ ನನಗೂ ಅವರ ಕಷ್ಟ ಅರ್ಥ ಆಗುತ್ತೆ. ರೋಮಾಪುರದವರಿಗೆ 13ರಲ್ಲಿ ಪೌಲನು ಸಾಲದ ಬಗ್ಗೆ ಹೇಳಿರೋದನ್ನ ನಾವು ಮಲಾಕಿ 3ರಷ್ಟೇ ಗಟ್ಟಿಯಾಗಿ ಓದಬೇಕು. ಕ್ರೆಡಿಟ್ ಕಾರ್ಡ್ ಉಜ್ಜಿ ಕಾಣಿಕೆ ಕೊಟ್ಟು, ರೂಮ್‌ಮೇಟ್ ಹತ್ತಿರ ತಗೊಂಡ ಹಣವನ್ನ ವರ್ಷದಿಂದ ವಾಪಸ್ ಮಾಡದೇ ಇರೋದು ನಂಬಿಕೆ ಅಲ್ಲ. ಆ ರೂಮ್‌ಮೇಟ್ ನಿಮ್ಮ ಸಾಕ್ಷಿ ಕೇಳೋದೇ ಇಲ್ಲ. ಅವನು ನಗೋದೂ ನ್ಯಾಯವೇ.

ಮೂರನೆಯದು: ಕೊಟ್ಟ 90 ಭಾಗ, ದುಡಿದ 100 ಭಾಗಕ್ಕೆ ಉತ್ತರ ಕೊಡುತ್ತಾ?

ನಿಧಾನವಾಗಿ ಕೇಳಿ. ನಾನು ಒಬ್ಬ ದೇವರ ಮನುಷ್ಯರ ಮೇಲೆ ಕಲ್ಲು ಎಸೆಯೋಕೆ ನಿಂತಿಲ್ಲ. ಅವರ ಜೀವಿತ ನನಗೆ ಅಮೂಲ್ಯ, ಅದಕ್ಕೇ ಇದನ್ನ ಕೇಳ್ತಿದೀನಿ.

ಲೆಟೂರ್ನೋ ಅವರು ಮರಗಳನ್ನ ಉರುಳಿಸಿ ಪುಡಿ ಮಾಡೋ ದೈತ್ಯ ಯಂತ್ರಗಳನ್ನೂ ಮಾಡಿದರು. ದೊಡ್ಡ ಉಕ್ಕಿನ ರೋಲರ್‌ಗಳು, ಅವುಗಳ ಮೇಲೆ ಅಲಗುಗಳು. ಕಾಡಿನೊಳಗೆ ನುಗ್ಗಿದ್ರೆ ಮರ ನೆಲಕ್ಕೆ. 1950ರ ದಶಕದಲ್ಲಿ ಅವರು ಆಫ್ರಿಕಾದ ಲೈಬೀರಿಯಾದಲ್ಲೂ ದಕ್ಷಿಣ ಅಮೆರಿಕದ ಪೆರುವಿನಲ್ಲೂ ಕಾಡು ಕಡಿದು ಹೊಲ, ರಸ್ತೆ, ಊರು ಮಾಡೋ ಯೋಜನೆ ಶುರು ಮಾಡಿದರು. ಪೆರುವಿನಲ್ಲಿ ರಸ್ತೆ ಕಟ್ಟಿಕೊಡೋದಕ್ಕೆ ಬದಲಾಗಿ ಸುಮಾರು 10 ಲಕ್ಷ ಎಕರೆ ಕಾಡು ಅಭಿವೃದ್ಧಿಗೆ ಸಿಕ್ತು. ಅಲ್ಲಿ ಎದ್ದ ಊರಿನ ಹೆಸರು ಇವತ್ತಿಗೂ ಟೂರ್ನಾವಿಸ್ತಾ. ಉದ್ದೇಶ ಒಳ್ಳೆಯದು. ಆಹಾರ ಬೆಳೀಬೇಕು, ಸುವಾರ್ತೆ ಹೋಗಬೇಕು. ಆದರೆ ಅಮೆಜಾನ್ ಕಾಡಿನಲ್ಲಿ ತಲೆತಲಾಂತರದಿಂದ ಜನ ಬದುಕ್ತಿದ್ದಾರೆ. ಸರ್ಕಾರ ನಕ್ಷೆಯಲ್ಲಿ ಗೆರೆ ಎಳೆದು ಕೊಟ್ಟ ಮಾತ್ರಕ್ಕೆ ಭೂಮಿ ಖಾಲಿ ಆಗುತ್ತಾ? ಕಾಡು ಕಡಿದ ಮೇಲೆ ಆ ಮಳೆನಾಡಿನ ಮಣ್ಣು ಬೇಗ ಸಾರ ಕಳೆದುಕೊಳ್ಳುತ್ತೆ ಅಂತ ಇವತ್ತು ನಮಗೆ ಗೊತ್ತು.

1967ರಲ್ಲಿ ಇದೇ ಜಾತಿಯ ಯಂತ್ರಗಳನ್ನ ಅಮೆರಿಕದ ಸೈನ್ಯ ವಿಯೆಟ್ನಾಂಗೆ ತಗೊಂಡು ಹೋಯ್ತು. ಶತ್ರು ಅಡಗಿಕೊಳ್ಳದ ಹಾಗೆ ಕಾಡನ್ನೇ ನೆಲಸಮ ಮಾಡೋದಕ್ಕೆ. ಹೊಲ ಮಾಡೋದಕ್ಕೆ ಅಂತ ಹುಟ್ಟಿದ ಯಂತ್ರ ಯುದ್ಧಕ್ಕೆ ಹೋಯ್ತು.

ಇಲ್ಲಿ ಇಬ್ಬರು ವಿಶ್ವಾಸಿಗಳು ಎರಡು ಉತ್ತರ ಕೊಡಬಹುದು. ಒಬ್ಬರು ಹೇಳ್ತಾರೆ: ಯಂತ್ರಕ್ಕೆ ಪಾಪ ಇಲ್ಲ, ಓಡಿಸೋನಿಗೆ ಪಾಪ. ನೇಗಿಲು ಮಾಡಿದವನು ಕತ್ತಿಗೆ ಹೊಣೆಯಲ್ಲ. ಹಿಟ್ಲರ್‌ನನ್ನ ನಿಲ್ಲಿಸಿದ ಸೈನ್ಯಕ್ಕೆ ರಸ್ತೆ ಮಾಡಿಕೊಟ್ಟದ್ದೂ ಅದೇ ಕಾರ್ಖಾನೆ. ಈ ಮಾತಿನಲ್ಲಿ ಸತ್ಯ ಇದೆ. ಇನ್ನೊಬ್ಬರು ಹೇಳ್ತಾರೆ: ಮಾಡೋನಿಗೆ ತನ್ನ ವಸ್ತು ಯಾರ ಕೈಗೆ ಹೋಗ್ತಿದೆ ಅಂತ ಗೊತ್ತಾದ ಕ್ಷಣದಿಂದ ಅವನದ್ದೂ ಒಂದು ಪಾಲು ಇದೆ. ನನ್ನ ಮನಸ್ಸು ಎರಡನೆಯವರ ಕಡೆ ವಾಲುತ್ತೆ. ಕಾರಣ ಲೆಟೂರ್ನೋ ಅವರೇ. ದೇವರು ನನ್ನ ವ್ಯಾಪಾರದ ಪಾಲುದಾರ ಅಂತ ಅವರು ಜಗತ್ತಿಗೆಲ್ಲ ಹೇಳಿಕೊಂಡರು. ನನ್ನ ಆಫೀಸಿನಲ್ಲಿ ಪಾಲುದಾರ ಅಂದ್ರೆ ವರ್ಷದ ಕೊನೆಗೆ ಬಂದು ಲಾಭ ಎಣಿಸಿಕೊಂಡು ಹೋಗೋನಲ್ಲ. ಪ್ರತಿ ಆರ್ಡರ್, ಪ್ರತಿ ಗಿರಾಕಿ, ಪ್ರತಿ ಸಂಬಳದ ಚೀಟಿ ನೋಡೋ ಹಕ್ಕು ಅವನಿಗಿದೆ. ದೇವರನ್ನ ಪಾಲುದಾರ ಅಂತ ಕರೆದ ಮೇಲೆ, ಈ ಯಂತ್ರ ಎಲ್ಲಿಗೆ ಹೋಗ್ತಿದೆ ಅಂತ ಕೇಳೋ ಹಕ್ಕು ಆತನಿಗೆ ಕೊಡದೇ ಇರೋಕಾಗಲ್ಲ.

ಈಗ ಲೂಕ 19ಕ್ಕೆ ಬನ್ನಿ. ಜಕ್ಕಾಯ ಯೇಸುವಿನ ಮುಂದೆ ನಿಂತು ಎಷ್ಟು ಮಾತು ಹೇಳಿದ? ಎರಡು. ಒಂದು, ಆಸ್ತಿಯಲ್ಲಿ ಅರ್ಧ ಬಡವರಿಗೆ. ಎರಡು, ಯಾರ ಹತ್ತಿರ ಅನ್ಯಾಯವಾಗಿ ಕಿತ್ತುಕೊಂಡಿದ್ದೀನೋ ಅವರಿಗೆ ನಾಲ್ಕು ಪಟ್ಟು ವಾಪಸ್. ನೋಡಿ, ಅವನು ಎರಡನ್ನೂ ಒಂದರಲ್ಲಿ ಸೇರಿಸಲಿಲ್ಲ. "ಅರ್ಧ ಆಸ್ತಿ ಕೊಟ್ಟಾಯ್ತಲ್ಲ, ಅದರಲ್ಲೇ ಹಳೇ ಲೆಕ್ಕ ಚುಕ್ತಾ" ಅನ್ನಲಿಲ್ಲ. ದಾನದ ಖಾತೆ ಬೇರೆ, ನ್ಯಾಯದ ಖಾತೆ ಬೇರೆ. ಒಂದರಲ್ಲಿ ಎಷ್ಟೇ ಜಮಾ ಇದ್ರೂ ಇನ್ನೊಂದರ ಬಾಕಿ ತೀರಲ್ಲ. ಜಕ್ಕಾಯನಿಗೆ ಇದು ಗೊತ್ತಿತ್ತು, ಯಾಕಂದ್ರೆ ಅವನೂ ಲೆಕ್ಕದವನೇ!

ಧರ್ಮೋಪದೇಶಕಾಂಡ 23ರಲ್ಲಿ ಕೆಲವು ಬಗೆಯ ಸಂಪಾದನೆಯನ್ನ ಹರಕೆಗೆ ದೇವಾಲಯಕ್ಕೆ ತರಲೇಬೇಡಿ ಅಂತ ಇದೆ. ಆಮೋಸ 5ರಲ್ಲಿ ದೇವರು ಅವರ ಯಜ್ಞಗಳನ್ನೂ ಹಾಡುಗಳನ್ನೂ ಬೇಡ ಅಂತಾನೆ, ಊರ ಬಾಗಿಲಲ್ಲಿ ನ್ಯಾಯ ಎಲ್ಲಿ ಅಂತ ಕೇಳ್ತಾನೆ. ಯಾಕೋಬ 5ರಲ್ಲಿ ಕೂಗ್ತಿರೋದು ಯಾರು? ಕೂಲಿಯವರಿಗೆ ಕೊಡದೆ ಹಿಡಿದಿಟ್ಟ ಕೂಲಿ.

ಯೌವನಸ್ಥರೇ, ಇದು ಅಮೆರಿಕದ ಒಬ್ಬ ದೊಡ್ಡ ಮನುಷ್ಯರ ವಿಷಯ ಅಂತ ಬಿಡಬೇಡಿ. ನೀವು ಬರೆಯೋ ಕೋಡ್ ಒಂದು ಲೋನ್ ಆ್ಯಪ್‌ಗೆ ಹೋಗಿ, ಕಂತು ತಪ್ಪಿದವನ ಅಮ್ಮನಿಗೆ ಫೋನ್ ಮಾಡಿಸ್ತಿದ್ಯಾ? ನೀವು ಮಾರೋ ಪಾಲಿಸಿ ಏನು ಅಂತ ತಗೊಂಡ ತಾತನಿಗೆ ಅರ್ಥ ಆಗಿದ್ಯಾ? ನಿಮ್ಮ ಸ್ಟಾರ್ಟಪ್‌ನಲ್ಲಿ ಡೆಲಿವರಿ ಹುಡುಗನಿಗೆ ಬಿದ್ದು ಕಾಲು ಮುರಿದ್ರೆ ಆಸ್ಪತ್ರೆ ಖರ್ಚು ಯಾರದ್ದು? ನಿಮ್ಮ ಮನೆಗೆ ಬರೋ ಅಕ್ಕನಿಗೆ ಈ ತಿಂಗಳ ಸಂಬಳ ಯಾವತ್ತು ಕೊಟ್ಟಿರಿ? ದಶಮಾಂಶದ ಕವರ್ ಈ ಪ್ರಶ್ನೆಗಳನ್ನ ಮುಚ್ಚಲ್ಲ. ಎಲ್ಲ ಪ್ರಶ್ನೆಗೂ ಕೆಲಸ ಬಿಡೋದೇ ಉತ್ತರ ಅಂತ ನಾನು ಹೇಳ್ತಿಲ್ಲ. ಕೆಲವು ಸಲ ಮೀಟಿಂಗ್‌ನಲ್ಲಿ ಕೈ ಎತ್ತಿ "ಸರ್, ಇದು ಸರಿಯಿಲ್ಲ" ಅನ್ನೋದೇ ಆ ದಿನದ ಸೇವೆ. ಅದಕ್ಕೂ ಅಭಿಷೇಕ ಬೇಕು. ಅದಕ್ಕೆ ಪ್ರಮೋಷನ್ ಹೋಗಬಹುದು, ಗೊತ್ತಿರಲಿ.

ಕೊನೆಯದಾಗಿ, ಅವರಿಂದ ಏನು ಉಳೀತು? ಪೇಟೆಂಟ್‌ಗಳ ಅವಧಿ ಮುಗೀತು. ಕಂಪನಿ ಕೈ ಬದಲಾಯಿಸಿತು. ಪೆರುವಿನ ದೊಡ್ಡ ಕನಸು ಅಂದುಕೊಂಡ ಹಾಗೆ ನಡೀಲಿಲ್ಲ. ಗಟ್ಟಿಯಾಗಿ ಉಳಿದ ಒಂದು ಸಂಗತಿ ಟೆಕ್ಸಾಸ್‌ನ ಲಾಂಗ್‌ವ್ಯೂನಲ್ಲಿದೆ. ಯುದ್ಧ ಮುಗಿದ ಮೇಲೆ ಅಲ್ಲಿ ಖಾಲಿ ಬಿದ್ದಿದ್ದ ಒಂದು ಸೈನಿಕ ಆಸ್ಪತ್ರೆಯ ಜಾಗವನ್ನ ಪಡೆದು 1946ರಲ್ಲಿ ದಂಪತಿ ಒಂದು ತಾಂತ್ರಿಕ ಶಾಲೆ ತೆರೆದರು. ಯುದ್ಧದಿಂದ ವಾಪಸ್ ಬಂದ ಹುಡುಗರು ಒಂದು ದಿನ ಪಾಠ, ಒಂದು ದಿನ ಕಾರ್ಖಾನೆಯಲ್ಲಿ ಕೆಲಸ ಅಂತ ಕಲಿತರು. ಎವೆಲಿನ್ ಅಮ್ಮ ಆ ಹುಡುಗರಿಗೆಲ್ಲ ತಾಯಿಯ ಹಾಗೆ ಇದ್ದರು. ಇವತ್ತು ಅದು ಲೆಟೂರ್ನೋ ವಿಶ್ವವಿದ್ಯಾಲಯ. 14ಕ್ಕೆ ಶಾಲೆ ಬಿಟ್ಟವರು 1969ರಲ್ಲಿ ಕರ್ತನ ಬಳಿ ಹೋಗೋ ಹೊತ್ತಿಗೆ ಒಂದು ಶಾಲೆ ಬಿಟ್ಟು ಹೋದರು. ಕೊಟ್ಟದ್ದರಲ್ಲಿ ಹಣ ಕರಗಿತು, ಯಂತ್ರ ತುಕ್ಕು ಹಿಡೀತು, ಕಲಿಸಿದ್ದು ಮನುಷ್ಯರಲ್ಲಿ ನಿಂತಿತು.

ಚೀಟಿ ಬರೆದವರೇ, ನೀವು ಯಾರೋ ನನಗೆ ಗೊತ್ತಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರೋ ಉತ್ತರ ಇಷ್ಟು. ಕೆಲಸ ಬಿಡ್ತೀರೋ ಇಲ್ಲವೋ, ಅದನ್ನ ಕರ್ತನ ಮುಂದೆ ಮೊಣಕಾಲೂರಿ ಕೇಳಿ. ಹತ್ತು ಕೊಡ್ತೀರೋ ತೊಂಬತ್ತು ಕೊಡ್ತೀರೋ, ಸಂತೋಷದಿಂದ ಕೊಡಿ. ಆದರೆ ಕೊಡೋ ಲೆಕ್ಕದ ಜೊತೆ ದುಡಿಯೋ ಲೆಕ್ಕದ ಪುಸ್ತಕವನ್ನೂ ಆತನ ಮುಂದೆ ತೆರೆದಿಡಿ. ಸೋಮವಾರ ಬೆಳಿಗ್ಗೆ ಲಾಗಿನ್ ಮಾಡೋ ಮುಂಚೆ ಎರಡು ನಿಮಿಷ ಕೂತು ಕೇಳಿ: ಕರ್ತನೇ, ಇವತ್ತು ನನ್ನ ಕೈಯಿಂದ ಹೊರಗೆ ಹೋಗೋದು ಯಾರ ಮನೆಗೆ ಹೋಗುತ್ತೆ, ಅಲ್ಲಿ ಏನು ಮಾಡುತ್ತೆ?

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ.

ಪರಲೋಕದಲ್ಲಿರುವ ತಂದೆಯೇ, ನಮ್ಮ ಕೈಗಳಿಗೆ ಕಸುಬು ಕೊಟ್ಟದ್ದಕ್ಕಾಗಿ ಸ್ತೋತ್ರ. ಬೆಚಲೇಲನನ್ನ ತುಂಬಿಸಿದ ಆತ್ಮನು ನಮ್ಮನ್ನೂ ತುಂಬಿಸಲಿ. ಕೆಲಸ ಹುಡುಕ್ತಿರೋ ಮಕ್ಕಳಿಗೆ ಬಾಗಿಲು ತೆರೆ. ಸಾಲದಲ್ಲಿರೋರಿಗೆ ಅದನ್ನ ತೀರಿಸೋ ದಾರಿ ತೋರಿಸು. ಆಫೀಸಿನಲ್ಲಿ ಸತ್ಯ ಹೇಳಬೇಕಾದವರಿಗೆ ಧೈರ್ಯ ಕೊಡು. ನಮ್ಮ ಕಾಣಿಕೆಯನ್ನ ನೋಡುವ ಕಣ್ಣುಗಳಿಂದಲೇ ನಮ್ಮ ಕೆಲಸವನ್ನೂ ನೋಡು, ತಪ್ಪಿದ ಕಡೆ ತಿದ್ದು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.